ಗಡಿಯಾರದ ಮಾಮನ ಕಿವಿ ಮತ್ತು ಸರ್ಕಾರಿ ಕಾರ್ಡು

ಪಟ್ಟಿ ಬದಲಾಯಿಸಲು ಬಂದಿದ್ದ ಹೆಂಗಸಿನ ಕೈಗಡಿಯಾರವನ್ನು ಗಡಿಯಾರದ ಮಾಮ ಕಿವಿಗೆ ಹಿಡಿದರು, ಹುಬ್ಬು ಗಂಟಿಕ್ಕಿದರು, ತಲೆಯಾಡಿಸಿದರು. "ನಿಂತುಹೋಗಿದೆಯಮ್ಮಾ" ಎಂದು ಸಂತಾಪ ಸೂಚಿಸಿ, ಆಕೆ ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಮುಚ್ಚಳ ಬಿಚ್ಚಿ ಚಕ್ರಗಳನ್ನೆಲ್ಲ ಮೇಜಿನ ಮೇಲೆ ಹರಡಿಬಿಟ್ಟರು.

"ನಿಂತಿರಲಿಲ್ಲ ಸಾರ್. ಈಗ ನಿಂತಿತು" ಎಂದಳು ಆಕೆ.

ಜೀವ ಇರುವಾಗಲೇ ಮರಣೋತ್ತರ ಪರೀಕ್ಷೆಗೆ ಒಳಗಾದ ಗಡಿಯಾರ ಆ ತಿಂಗಳಲ್ಲಿ ಅದು ಮೂರನೆಯದು. ಮೂವತ್ತೆಂಟು ವರ್ಷ ಬರೀ ಟಿಕ್‌ಟಿಕ್ ಕೇಳಿಯೇ ರೋಗ ಯಾವುದೆಂದು ಹೇಳುತ್ತಿದ್ದ ಮನುಷ್ಯ. ಬೀದಿಯವರೆಲ್ಲ ಬಾಯ್ತುಂಬ 'ಗಡಿಯಾರದ ಮಾಮ' ಎಂದು ಕರೆಯುತ್ತಿದ್ದುದು ಅದಕ್ಕೇ. ಈಗ ಅದೇ ಬೀದಿಯವರು ಗಡಿಯಾರವನ್ನು ಕೈಗೆ ಕೊಡುವ ಮೊದಲು "ಇದು ಓಡ್ತಿದೆ" ಎಂದು ಎರಡೆರಡು ಸಲ ಕೂಗಿ ಹೇಳತೊಡಗಿದ್ದರು. (ಮಾಮ ಅದನ್ನು ಗಿರಾಕಿಗಳ ಒರಟುತನ ಎಂದುಕೊಂಡಿದ್ದರು.)

ಆ ಸಂಜೆ ಮನೆಯಲ್ಲಿ ವಿಷಯ ಚರ್ಚೆಗೆ ಬಂತು.

"ಕಿವಿ ತೋರಿಸಿಕೊಳ್ಳಿ ಅಂತ ವರ್ಷದಿಂದ ಹೇಳ್ತಿದ್ದೀನಿ" ಎಂದಳು ಹೆಂಡತಿ.

"ಹೇಳಿದ್ದರೆ ನನಗೆ ಕೇಳಿಸ್ತಿರಲಿಲ್ಲವಾ?"

ಹೆಂಡತಿ ಎದ್ದು ಕಪಾಟಿನ ಕಡೆ ಹೋದಳು. ಅಂಚೆ ಕಚೇರಿಯ ಕೌಂಟರಿನಲ್ಲಿ ಮೂವತ್ತೊಂದು ವರ್ಷ ಕೂತು ಎರಡು ವರ್ಷದ ಹಿಂದೆ ನಿವೃತ್ತಳಾದವಳು. ಯಾವ ಪ್ರಶ್ನೆಗೆ ಉತ್ತರ ಕೊಡಬೇಕು, ಯಾವುದಕ್ಕೆ ಸುಮ್ಮನೆ ನೋಡಿದರೆ ಸಾಕು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಕಪಾಟಿನಿಂದ ಸರ್ಕಾರಿ ಆರೋಗ್ಯ ವಿಮೆಯ ಕಾರ್ಡು ತಂದು ಮುಂದಿಟ್ಟಳು. ಕಿವಿಯ ಪರೀಕ್ಷೆಯೂ ಯಂತ್ರವೂ ಇದರಲ್ಲೇ ಆಗುತ್ತದೆ, ಆದರೆ ಕಾರ್ಡು ಒಪ್ಪುವ, ಸರಿಯಾಗಿ ಓದಿರುವ ಶ್ರವಣತಜ್ಞರನ್ನು ನಾವೇ ಹುಡುಕಿಕೊಳ್ಳಬೇಕು ಎಂದಳು.

"ಅಷ್ಟೇ ತಾನೆ? ನಾನೇ ಫೋನ್ ಮಾಡಿ ವಿಚಾರಿಸ್ತೀನಿ."

"ನೀವೇನಾ?"

"ಕಿವಿ ನನ್ನದು."

ಮಾಮ ದೊಡ್ಡ ಆಸ್ಪತ್ರೆಯೊಂದಕ್ಕೆ ಫೋನ್ ಹಚ್ಚಿದರು. "ನಿಮ್ಮಲ್ಲಿ ಕಾರ್ಡು ನಡೆಯುತ್ತಾ?" ಎಂದು ಬೀದಿಗೆಲ್ಲ ಕೇಳುವಂತೆ ವಿಚಾರಿಸಿದರು. ಆ ಕಡೆಯಿಂದ ಏನೋ ಬಂತು. "ಪರವಾಗಿಲ್ಲಮ್ಮ, ನಾವು ಬಸ್ಸಲ್ಲೇ ಬರ್ತೀವಿ" ಎಂದು ಫೋನ್ ಇಟ್ಟು, "ಕಾರು ನಿಲ್ಲಿಸೋಕೆ ಜಾಗ ಇಲ್ಲವಂತೆ, ಅಷ್ಟೇ" ಎಂದು ಹೆಂಡತಿಗೆ ವರದಿ ಒಪ್ಪಿಸಿದರು.

ಮರುದಿನ ಇಬ್ಬರೂ ಒಂದೂವರೆ ಗಂಟೆ ಬಸ್ಸಿನಲ್ಲಿ ಕುಲುಕಿಕೊಂಡು ಹೋಗಿ ಕೌಂಟರಿನ ಮುಂದೆ ನಿಂತರು. "ನಿನ್ನೆನೇ ಹೇಳಿದೆನಲ್ಲ ಸಾರ್, ಕಾರ್ಡು ನಡೆಯಲ್ಲ ಅಂತ" ಎಂದಳು ಅಲ್ಲಿನ ಹುಡುಗಿ. ಗಾಜಿನ ಬಾಗಿಲಿನಾಚೆ ಶ್ರವಣತಜ್ಞರ ಹೆಸರಿನ ಮುಂದೆ ಪದವಿಗಳು ರೈಲಿನಂತೆ ಸಾಲುಗಟ್ಟಿದ್ದವು. ಮಾಮ ಅವುಗಳ ದರ್ಶನ ಮಾಡಿಕೊಂಡು ವಾಪಸು ಬಂದರು. ಹಿಂದಿರುಗುವ ಬಸ್ಸಿನಲ್ಲಿ ಹೆಂಡತಿ ಕಿಟಕಿಯ ಕಡೆ ಮುಖ ಮಾಡಿದವಳು ಮನೆ ಸೇರುವ ತನಕ ತಿರುಗಲಿಲ್ಲ.

ಮಾಮ ಸೋಲೊಪ್ಪುವವರಲ್ಲ. ಮೂರನೆಯ ದಿನ ತಮ್ಮ ಅಂಗಡಿಯ ಸಾಲಿನಲ್ಲೇ, ಮೊಬೈಲ್ ಅಂಗಡಿಯ ಪಕ್ಕ, 'ಇಲ್ಲಿ ಎಲ್ಲಾ ಕಾರ್ಡುಗಳನ್ನು ಸ್ವೀಕರಿಸಲಾಗುವುದು' ಎಂಬ ಬೋರ್ಡು ಪತ್ತೆ ಹಚ್ಚಿ ಹೆಂಡತಿಯನ್ನು ಕರೆದೊಯ್ದರು. ಬಿಳಿ ಕೋಟಿನವನೊಬ್ಬ ಮಾಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಎಡಗಿವಿಯ ಹತ್ತಿರ ಒಮ್ಮೆ, ಬಲಗಿವಿಯ ಹತ್ತಿರ ಒಮ್ಮೆ ಚಿಟಿಕೆ ಹೊಡೆದು, "ಎರಡಕ್ಕೂ ಮೆಷಿನ್ ಬೇಕು" ಎಂದು ತೀರ್ಪು ಕೊಟ್ಟ. ಹೆಂಡತಿ ಕನ್ನಡಕ ಏರಿಸಿಕೊಂಡು ಗೋಡೆಯ ಮೇಲಿದ್ದ ಚೌಕಟ್ಟಿನ ಹತ್ತಿರ ಹೋದಳು.

"ಇದರಲ್ಲಿ 'ಮಾರಾಟದಲ್ಲಿ ಪ್ರಥಮ ಸ್ಥಾನ' ಅಂತಿದೆಯಲ್ಲಪ್ಪ. ಕಿವಿ ನೋಡೋಕೆ ಓದಿದ ಸರ್ಟಿಫಿಕೇಟ್ ಎಲ್ಲಿ?"

"ಅದು ಫ್ರೇಮ್ ಹಾಕಿಸೋಕೆ ಕೊಟ್ಟಿದೆ ಮೇಡಂ."

"ಯಾವತ್ತು ಕೊಟ್ಟಿದ್ದು?"

ಬಿಳಿ ಕೋಟಿನವನು ಲೆಕ್ಕ ಹಾಕುತ್ತಿರುವಾಗಲೇ ಅವಳು ಗಂಡನ ಕೈ ಹಿಡಿದು ಎಬ್ಬಿಸಿದಳು.

ಓದಿದವರು ಕಾರ್ಡು ಮುಟ್ಟುವುದಿಲ್ಲ, ಕಾರ್ಡು ಮುಟ್ಟುವವರು ಪುಸ್ತಕ ಮುಟ್ಟಿಲ್ಲ ಎಂದು ಮಾಮ ಮಲಗಿಬಿಟ್ಟರು. ಹೆಂಡತಿ ಮಾತ್ರ ಕಾರ್ಡಿನ ಹಿಂಬದಿಯಲ್ಲಿದ್ದ ನಂಬರಿಗೆ ಫೋನ್ ಮಾಡಿ ಹನ್ನೊಂದು ಹೆಸರು ಬರೆದುಕೊಂಡಳು. ಪ್ರತಿಯೊಬ್ಬರಿಗೂ ಮೂರೇ ಪ್ರಶ್ನೆ. ನಿಮ್ಮ ನೋಂದಣಿ ಸಂಖ್ಯೆ ಎಷ್ಟು, ಈ ಕಾರ್ಡು ಇವತ್ತಿಗೂ ಒಪ್ಪುತ್ತೀರಾ, ಪರೀಕ್ಷೆಗೂ ಒಪ್ಪುತ್ತೀರಾ ಇಲ್ಲ ಯಂತ್ರಕ್ಕೆ ಮಾತ್ರವಾ. ಒಬ್ಬರು ಊರು ಬಿಟ್ಟಿದ್ದರು, ಇಬ್ಬರು ವಿಮೆಯ ಗೊಡವೆ ಬಿಟ್ಟಿದ್ದರು, ಒಂದು ನಂಬರು ಬೇಕರಿಗೆ ಹೋಯಿತು. ಒಂಬತ್ತನೆಯ ಹೆಸರಿನ ಹೆಣ್ಣುಮಗಳು ನೋಂದಣಿ ಸಂಖ್ಯೆಯನ್ನು ತಡವರಿಸದೆ ಹೇಳಿ, "ಕಾರ್ಡು ತನ್ನಿ, ಯಜಮಾನರನ್ನೂ ಮರೀಬೇಡಿ" ಎಂದಳು. ಅವಳ ಕ್ಲಿನಿಕ್ಕು ಎರಡು ಸ್ಟಾಪಿನಾಚೆ, ಕಾಗದ-ಪೆನ್ನಿನ ಅಂಗಡಿಯ ಮಹಡಿಯ ಮೇಲೆ.

ಅಲ್ಲಿ ಮಾಮನನ್ನು ಬೀರುವಿನಷ್ಟೇ ದೊಡ್ಡ ಗಾಜಿನ ಕೋಣೆಯೊಳಗೆ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಶಬ್ದ ಕೇಳಿಸಿದಾಗಲೆಲ್ಲ ಒತ್ತಲು ಒಂದು ಗುಂಡಿ ಕೊಟ್ಟರು. ಪರೀಕ್ಷೆ ಅಂದಮೇಲೆ ಪಾಸಾಗಲೇಬೇಕಲ್ಲ. ಮಾಮ ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಸೆಕೆಂಡು ಎಣಿಸುತ್ತ, ಮೂರು ಸೆಕೆಂಡಿಗೊಮ್ಮೆ ಅಚ್ಚುಕಟ್ಟಾಗಿ ಗುಂಡಿ ಒತ್ತುತ್ತ ಹೋದರು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು.

"ಸರ್," ಎಂದಳು ಡಾಕ್ಟರಮ್ಮ ವಿನಯದಿಂದ, "ನಾನಿನ್ನೂ ಶಬ್ದ ಹಾಕಿಲ್ಲ."

ಎರಡನೆಯ ಸಲ ಮಾಮ ಪ್ರಾಮಾಣಿಕವಾಗಿ ಕೂತರು. ಗುಂಡಿಗೆ ಹೆಚ್ಚು ಕೆಲಸವೇ ಬೀಳಲಿಲ್ಲ. ದಪ್ಪ ಸದ್ದುಗಳು ಕೇಳಿಸುತ್ತವೆ, ಸಣ್ಣ, ಎತ್ತರದ ಸದ್ದುಗಳು ಹೋಗಿವೆ ಎಂದು ಡಾಕ್ಟರಮ್ಮ ಗೆರೆ ಎಳೆದು ತೋರಿಸಿದಳು. ಮೂರು ವಾರಕ್ಕೆ ವಿಮೆಯ ಮಂಜೂರಾತಿ ಬಂತು. ಕಿವಿಯ ಹಿಂದೆ ಹುರುಳಿಕಾಯಿಯಷ್ಟೂ ಉದ್ದವಿಲ್ಲದ ಎರಡು ಯಂತ್ರಗಳು ಕೂತವು.

ಮಾಮ ಅಲ್ಲಿಂದ ನೆಟ್ಟಗೆ ಅಂಗಡಿಗೆ ಹೋದರು. ಬಾಗಿಲು ತೆರೆದವರು ಹೊಸ್ತಿಲಲ್ಲೇ ನಿಂತರು. ಗೋಡೆಯ ಮೇಲಿನ ಹದಿನೇಳು ಗಡಿಯಾರಗಳೂ ಒಟ್ಟಿಗೆ ಮಾತಾಡುತ್ತಿದ್ದವು. ಮೂಲೆಯದು ಒಂದಿಷ್ಟು ಕುಂಟುತ್ತಿದ್ದುದೂ ಗೊತ್ತಾಯಿತು. ಮಾಮ ದೀಪವನ್ನೂ ಹಾಕದೆ ಸ್ಟೂಲಿನ ಮೇಲೆ ಬಹಳ ಹೊತ್ತು ಕೂತಿದ್ದರು. ಕನ್ನಡಕ ಯಾಕೆ ಒದ್ದೆಯಾಯಿತೆಂದು ಕೇಳಲು ಅಲ್ಲಿ ಯಾರೂ ಇರಲಿಲ್ಲ.

ಈ ಆನಂದದಲ್ಲೇ ಸಂಜೆ ಆರಕ್ಕೆ ಮನೆಗೆ ಬಂದರು. ಒಳಗಿನಿಂದ ತುಕ್ಕು ಹಿಡಿದ ಗೇಟನ್ನು ಯಾರೋ ತೆಗೆದು ಮುಚ್ಚಿ, ಮತ್ತೆ ತೆಗೆಯುತ್ತಿದ್ದಂತೆ ಸದ್ದು. ನಮ್ಮ ಮನೆಗೆ ಗೇಟೇ ಇಲ್ಲವಲ್ಲ ಎಂದುಕೊಂಡು ಒಳಗೆ ಇಣುಕಿದರೆ, ಹೆಂಡತಿ ಚಾಪೆಯ ಮೇಲೆ ಕೂತು ಹಾಡುತ್ತಿದ್ದಳು.

ನಿವೃತ್ತಿಯಾದ ಮೇಲೆ ಅವಳು ಹಾಡು ಕಲಿಯತೊಡಗಿದ್ದು ಮಾಮನಿಗೆ ಗೊತ್ತಿಲ್ಲದ್ದೇನಲ್ಲ. ಎರಡು ವರ್ಷದಿಂದ ಪ್ರತಿ ಸಂಜೆ ಎದುರಿಗೆ ಕೂತು ತಲೆದೂಗಿದ್ದರು. ಅವರ ಕಿವಿಗೆ ಬೀಳುತ್ತಿದ್ದುದು ದೂರದ ಜೇನುಗೂಡಿನಂಥ ಇಂಪಾದ ಗುಂಜಾರವ. ಕೆಳಗಿನ ಸ್ವರಗಳಷ್ಟೇ ತಮ್ಮ ಪಾಲಿಗೆ ಬರುತ್ತಿದ್ದವು, ಮೇಲಿನವೆಲ್ಲ ಅಕ್ಕಪಕ್ಕದವರ ಪಾಲಾಗುತ್ತಿದ್ದವು ಎಂಬುದು ಈಗ ತಿಳಿಯಿತು. ಪಕ್ಕದ ಮನೆಯಾಕೆ ತಮ್ಮನ್ನು ಕಂಡಾಗಲೆಲ್ಲ "ನಿಮ್ಮ ತಾಳ್ಮೆ ದೊಡ್ಡದು" ಎನ್ನುತ್ತಿದ್ದುದು ಗಡಿಯಾರ ರಿಪೇರಿಯ ಬಗ್ಗೆ ಅಲ್ಲ ಎಂದೂ ತಿಳಿಯಿತು.

"ಇವತ್ತು ಸರಿಯಾಗಿ ಕೇಳಿಸ್ತಾ?" ಎಂದಳು ಹೆಂಡತಿ ಆಸೆಯಿಂದ.

"ಪೂರ್ತಿ ಕೇಳಿಸ್ತು" ಎಂದರು ಮಾಮ. ಇದರಲ್ಲಿ ಸುಳ್ಳೇನೂ ಇರಲಿಲ್ಲ.

ಮರುದಿನದಿಂದ ಮಾಮ ಒಂದು ಏರ್ಪಾಡು ಮಾಡಿಕೊಂಡರು. ಆರು ಹೊಡೆಯುತ್ತಿದ್ದಂತೆ ಕಿವಿಯ ಹಿಂದೆ ತುರಿಸಿಕೊಳ್ಳುವವರಂತೆ ಯಂತ್ರಗಳನ್ನು ಆರಿಸುವುದು, ಏಳಕ್ಕೆ ಮತ್ತೆ ತುರಿಸಿಕೊಳ್ಳುವುದು. ನಡುವೆ ಕಣ್ಣು ಮುಚ್ಚಿ ಎಂದಿನಂತೆ ತಲೆದೂಗುವುದು. ಸಂಸಾರ ಸುಗಮವಾಗಿ ಸಾಗಿತು.

ತಿಂಗಳಾದ ಮೇಲೆ ಇಬ್ಬರೂ ಮರುತಪಾಸಣೆಗೆ ಹೋದರು. ಡಾಕ್ಟರಮ್ಮ ಯಂತ್ರಗಳನ್ನು ಕಂಪ್ಯೂಟರಿಗೆ ಜೋಡಿಸಿದಳು.

"ದಿನಾ ಯಾವಾಗ, ಎಷ್ಟು ಹೊತ್ತು ಹಾಕ್ಕೊಂಡಿದ್ದೀರಿ ಅಂತ ಇದು ನೆನಪಿಟ್ಟುಕೊಂಡಿರುತ್ತೆ. ವಿಮೆಯವರಿಗೂ ವರದಿ ಕಳಿಸಬೇಕು" ಎಂದಳು.

ಮಾಮ ಕುರ್ಚಿಯ ಅಂಚಿಗೆ ಸರಿದರು.

"ಬೆಳಗ್ಗೆಯಿಂದ ರಾತ್ರಿ ತನಕ ಚೆನ್ನಾಗಿ ಬಳಸಿದ್ದೀರಿ ಸರ್. ಸಂಜೆ ಆರರಿಂದ ಏಳು ಮಾತ್ರ ದಿನಾ ಆಫ್ ಆಗಿದೆ. ಆಗ ನಿದ್ದೆ ಮಾಡ್ತೀರಾ?"

ಮಾಮ ಛಾವಣಿ ನೋಡಿದರು.

"ಇಲ್ಲ. ಆಗ ನಾನು ಹಾಡ್ತೀನಿ. ಇವರು ತಲೆದೂಗ್ತಾರೆ" ಎಂದಳು ಹೆಂಡತಿ.

ಡಾಕ್ಟರಮ್ಮ ಪರದೆಯನ್ನು ಪಕ್ಕಕ್ಕೆ ತಿರುಗಿಸಿದಳು. ಎತ್ತರದ ಸ್ವರಗಳ ಅಭ್ಯಾಸ ತಪ್ಪಿಹೋದ ಕಿವಿಗೆ ಅವೇ ಸ್ವರಗಳನ್ನು ದಿನಾ ಕೇಳಿಸುವುದಕ್ಕಿಂತ ಒಳ್ಳೆಯ ಚಿಕಿತ್ಸೆ ಇಲ್ಲ, ಮನೆಯಲ್ಲೇ ಹಾಡುವವರಿದ್ದರೆ ಅದು ಅದೃಷ್ಟ ಎಂದಳು.

"ಬರೆದುಕೊಡಿ" ಎಂದಳು ಹೆಂಡತಿ. ಡಾಕ್ಟರಮ್ಮ ಬರೆದು, ಸಹಿ ಮಾಡಿ, ನೋಂದಣಿ ಸಂಖ್ಯೆಯ ಮೊಹರನ್ನೂ ಒತ್ತಿ ಕೊಟ್ಟಳು.

ಬಸ್ಸಿನಲ್ಲಿ ಹೆಂಡತಿ ಆ ಕಾಗದವನ್ನು ಮಡಿಸಿ ಪರ್ಸಿನಲ್ಲಿಟ್ಟುಕೊಂಡಳು. ಸಿಟ್ಟಾಗಿದ್ದಾಳೋ ನಗುತ್ತಿದ್ದಾಳೋ ಮಾಮನಿಗೆ ಗೊತ್ತಾಗಲಿಲ್ಲ. ಕಿಟಕಿಯ ಕಡೆ ನೋಡುತ್ತಲೇ ಅವಳು ತೀರ ಮೆಲ್ಲಗೆ, ತನ್ನಷ್ಟಕ್ಕೆ ತಾನೇ ಹೇಳಿಕೊಳ್ಳುವಂತೆ ಅಂದಳು:

"ಇವತ್ತಿಂದ ಎಂಟರ ತನಕ ಹಾಡ್ತೀನಿ."

ಬಸ್ಸಿನ ಅಷ್ಟು ಗದ್ದಲದಲ್ಲೂ ಮಾಮನಿಗೆ ಅದು ಒಂದಕ್ಷರ ಬಿಡದೆ ಕೇಳಿಸಿತು.