ಅತ್ತೆಯ ಹಾಡು, ಮಗಳ ಪೆಟ್ಟಿಗೆ

ಭಾನುವಾರ ಚರ್ಚಿಗೆ ಹೊರಡುವ ಮುಂಚೆ ನಾನು ಅಡುಗೆಮನೆಯಲ್ಲೇ ನಿಂತು ಒಂದು ಸಣ್ಣ ಪ್ರಾರ್ಥನೆ ಮಾಡಿಕೊಳ್ಳುತ್ತೇನೆ: "ಸ್ವಾಮಿ, ಇವತ್ತೊಂದಿನ ಹಾಡಿನ ಹೊತ್ತಿಗೆ ಏನೂ ಆಗದಿರಲಿ." ನನ್ನ ಉಳಿದ ಪ್ರಾರ್ಥನೆಗಳನ್ನು ದೇವರು ಬೇಗನೋ ತಡವಾಗಿಯೋ ಕೇಳಿದ್ದಾನೆ. ಶಹಾಪುರಕ್ಕೇ ವರ್ಗ ಆಗಲಿ ಅಂದೆ, ಆಯಿತು. ಗಂಡನ ಬೀಡಿ ಬಿಡಿಸು ಅಂದೆ, ಬಿಟ್ಟರು. ಇದೊಂದನ್ನು ಮಾತ್ರ ಆತ ಕಿವಿಗೆ ಹಾಕಿಕೊಂಡಂತೆ ಕಾಣುವುದಿಲ್ಲ. ವಾರಕ್ಕೊಮ್ಮೆ ಆತನಿಗೂ ಸ್ವಲ್ಪ ನಗು ಬೇಕಾಗುತ್ತದೋ ಏನೋ.

ನಾನು ಶಾಲೆಯಲ್ಲಿ ಟೀಚರು, ಚರ್ಚಿನಲ್ಲಿ ಹಾರ್ಮೋನಿಯಂ. ನನ್ನ ಬಲಗಡೆ ಹಳೆಯ ಹಾಡಿನ ಅತ್ತೆ, ಎಡಗಡೆ ಹೊಸ ಹಾಡಿನ ಮಗಳು. ಹೀಗಾಗಿ ಇಲ್ಲಿ ಹೇಳುವುದೆಲ್ಲ ನಡುವೆ ಕೂತು ಎರಡೂ ಕಡೆಯಿಂದ ಬೈಸಿಕೊಂಡವಳ ಮಾತು.

ಕೆಮ್ಮಿದ್ದೂ ಹಾಡೇ

ನಮ್ಮ ಕಡೆ ಓದು ಬಲ್ಲವರು ಕಡಿಮೆ ಇದ್ದ ಕಾಲದಲ್ಲಿ ಚರ್ಚಿನಲ್ಲಿ ಹಾಡಿನ ಪುಸ್ತಕ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅದಕ್ಕೇ ಒಬ್ಬರು ಒಂದು ಸಾಲು ಹಾಡುವುದು, ಉಳಿದವರು ಅದನ್ನೇ ತಿರುಗಿ ಹಾಡುವುದು. ಇದಕ್ಕೆ ನಾವು ಎತ್ತಿಕೊಡುವುದು ಅನ್ನುತ್ತೇವೆ. ಅತ್ತೆ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಎತ್ತಿಕೊಡುತ್ತಿದ್ದಾರೆ. ಈಗ ಓದು ಬಂದವರೂ ಪುಸ್ತಕ ಮಡಿಚಿಟ್ಟು ಅತ್ತೆಯ ಬಾಯಿಯನ್ನೇ ನೋಡುತ್ತಾರೆ.

ಇದರಲ್ಲಿ ಒಂದೇ ಕಾನೂನು. ರಾಗದಲ್ಲಿ ಬಂದದ್ದನ್ನು ತಿರುಗಿ ಹಾಡಬೇಕು, ಯೋಚನೆ ಮಾಡಬಾರದು.

ಒಂದು ಚಳಿಗಾಲ ಅತ್ತೆಗೆ ಗಂಟಲು ಕೆಟ್ಟಿತ್ತು. "ಬ್ಯಾಡ್ರಿ ಅತ್ತಿ, ಈ ವಾರ ನಾನ ಎತ್ತಿಕೊಡ್ತೀನಿ" ಅಂದೆ. "ನೀ ಎತ್ತಿಕೊಟ್ರ ಮಂದಿ ಎದ್ದು ಮನಿಗೆ ಹೋಗ್ತಾರ" ಅಂದರು. ಸರಿ, ಬಂದರು, ಹಾಡಿದರು. ಎರಡನೆಯ ಚರಣದ ನಡುವೆ ಕೆಮ್ಮು ಬಂತು. ಅಷ್ಟಕ್ಕೆ ನಿಲ್ಲುವವರಲ್ಲ ಅತ್ತೆ, ರಾಗ ಬಿಡಲಿಲ್ಲ. "ಸ್ವಾಮೀ" ಅಂದು ಎಳೆದು, ಶ್ರುತಿಯಲ್ಲೇ ಎರಡು ಸಲ ಕೆಮ್ಮಿ, "ಬಂದೇವೋ" ಅಂತ ಮುಗಿಸಿದರು. ಗಂಡಸರ ಸಾಲು, ಹೆಂಗಸರ ಸಾಲು, ಎಲ್ಲರೂ ಒಕ್ಕೊರಲಿನಿಂದ "ಸ್ವಾಮೀ" ಅಂದು, ಎರಡು ಸಲ ಕೆಮ್ಮಿ, "ಬಂದೇವೋ" ಅಂದರು.

ಉಸಿರಿಲ್ಲದ ಪೆಟ್ಟಿಗೆ

ಆಮೇಲೆ ನಮ್ಮ ಕಡೆಗೆ ನಾಲಾ, ಅಂದರೆ ನೀರಾವರಿ ಕಾಲುವೆ, ಬಂತು. ಅದರ ನೀರಿನ ಹಿಂದೆ ಭತ್ತ ಬೆಳೆಯುವ ತೆಲುಗು ಜನ ಬಂದು ಊರ ಹೊರಗೆ ಕ್ಯಾಂಪು ಹಾಕಿದರು. ಅವರಲ್ಲಿ ಕೆಲವರು ನಮ್ಮ ಚರ್ಚಿಗೂ ಬಂದರು. ಬರುವಾಗ ಢೋಲಕ್ ತಂದರು, ಚಪ್ಪಾಳೆ ತಂದರು, ಕೂತವರನ್ನು ಎಬ್ಬಿಸಿ ನಿಲ್ಲಿಸುವ ಹೊಸ ಹಾಡು ತಂದರು. ನಮ್ಮ ಹುಡುಗರಿಗೆ ಹುಚ್ಚು ಹಿಡಿಯಿತು. ಮೊದಲು ಹಿಡಿದದ್ದು ನನ್ನ ಮಗಳಿಗೆ. ಕಲಬುರಗಿಯ ಕಾಲೇಜಿನಿಂದ ರಜೆಗೆ ಬಂದವಳು ಬಗಲಲ್ಲಿ ಒಂದು ಕೀಬೋರ್ಡ್ ಹಿಡಿದುಕೊಂಡೇ ಬಸ್ ಇಳಿದಳು.

ಮೊದಲ ಭಾನುವಾರ ಅತ್ತೆಯ ಹಾಡಿಗೆ ಅದರ ತಾಳ ಹಾಕಿದಳು. ಗುಂಡಿ ಒತ್ತಿದರೆ ಸಾಕು, ತಾಳ ತಾನೇ ನಡೆಯುತ್ತದೆ. ಅತ್ತೆ ಒಂದು ಸಾಲು ಎತ್ತಿಕೊಟ್ಟರು, ಜನ ಹಾಡಿದರು. ಇನ್ನು ಅತ್ತೆ ಉಸಿರು ತೆಗೆದುಕೊಳ್ಳಬೇಕು. ಅವರು ಉಸಿರು ತೆಗೆದುಕೊಳ್ಳುವುದೆಂದರೆ ಸೆರಗು ಸರಿಮಾಡಿ, ಯಾರು ಬಂದಿದ್ದಾರೆ ಯಾರು ಬಂದಿಲ್ಲ ನೋಡಿ, ಆಮೇಲೆ. ಕೀಬೋರ್ಡಿಗೆ ಅದೆಲ್ಲ ಏನು ಗೊತ್ತು? ಅದು ಢಬ ಢಬ ಅಂತ ನಡೆದೇ ಬಿಟ್ಟಿತು.

ಅತ್ತೆ ಅದರ ಕಡೆ ನೋಡಿದರು. ಕೈ ಕಟ್ಟಿಕೊಂಡು ಕೂತೇ ಬಿಟ್ಟರು.

ಅಯ್ಯನವರು, ಅಂದರೆ ನಮ್ಮ ಪಾಸ್ಟರು, ಬಗ್ಗಿ ಕೇಳಿದರು: "ಅಮ್ಮಾ, ಯಾಕ್ರಿ?"

"ಅದು ಮಾತಾಡಾಕತ್ತದಲ್ರಿ. ಮುಗಿಸ್ಲಿ. ಆಮ್ಯಾಲ ನಾ ಹಾಡ್ತೀನಿ."

ಅದು ಮುಗಿಸುವ ಪೈಕಿ ಅಲ್ಲ. ಮಗಳು ನಿಲ್ಲಿಸುವ ಪೈಕಿ ಅಲ್ಲ. ಹಟದಲ್ಲಿ ಅಜ್ಜಿಯ ಮೊಮ್ಮಗಳೇ. ಇಡೀ ಚರ್ಚು ತಲೆ ತಗ್ಗಿಸಿ ಆ ಢಬ ಢಬ ಕೇಳುತ್ತ ಕೂತಿತು. ಯಾರೋ ಮುದುಕರು ಇದೇ ಮೌನ ಪ್ರಾರ್ಥನೆ ಇರಬೇಕು ಅಂದುಕೊಂಡು ಮೊಣಕಾಲೂರಿದರು. ಅವರನ್ನು ನೋಡಿ ಪಕ್ಕದವರು ಊರಿದರು. ಎಲ್ಲರೂ ಊರಿದ ಮೇಲೆ ನಾನು ತೆವಳುತ್ತ ಹೋಗಿ ಗೋಡೆಯ ಪ್ಲಗ್ ಕಿತ್ತೆ. ತಾಳ ನಿಂತಿತು. ಮುದುಕರು "ಆಮೆನ್" ಅಂದರು.

ಪಾಳಿ

ನಗುವುದೇನೋ ಈಗ ನಗುತ್ತೇನೆ, ಆವತ್ತು ನಗು ಬಂದಿರಲಿಲ್ಲ. ಅಜ್ಜಿ ಮೊಮ್ಮಗಳು ಮಾತು ಬಿಟ್ಟರು. ಹುಟ್ಟಿದಾಗಿನಿಂದ ಅಜ್ಜಿಯ ಮಗ್ಗುಲಲ್ಲೇ ಮಲಗಿದ ಹುಡುಗಿ ಹಾಸಿಗೆ ಎತ್ತಿಕೊಂಡು ಪಡಸಾಲೆಗೆ ಬಂದಳು. ಹುಡುಗರೆಲ್ಲ ಸೇರಿ ಅಯ್ಯನವರಿಗೆ ಹೇಳಿದರು, ನಮಗೆ ಬೇರೆ ಆರಾಧನೆ ಬೇಕು, ಕ್ಯಾಂಪಿನ ಶೆಡ್ಡಿನಲ್ಲಿ ಮಾಡಿಕೊಳ್ಳುತ್ತೇವೆ ಅಂತ. ಅತ್ತೆ ಹೇಳಿದರು: "ಎರಡು ಆದ್ರ ನಾ ಎತ್ತಿಕೊಡೋದ ಬಿಡ್ತೀನಿ." ಅಯ್ಯನವರು ಪಾಪದ ಮನುಷ್ಯ. ನಮ್ಮ ಎಲ್ಲ ಚರ್ಚುಗಳ ಮೇಲಿನ ಹಿರಿಯರೊಬ್ಬರು ಯಾದಗಿರಿಗೆ ಬರುವವರಿದ್ದಾರೆ, ಅವರೇ ಹಾಡು ಕೇಳಿ ತೀರ್ಮಾನ ಮಾಡಲಿ ಅಂದುಬಿಟ್ಟರು.

ನನಗೆ ಹೆದರಿಕೆಯಾಗಿದ್ದು ಹಾಡಿನ ಬಗ್ಗೆ ಅಲ್ಲ. ಚರ್ಚು ಎರಡಾದರೆ ಮೊದಲು ಎರಡಾಗುವುದು ನಮ್ಮ ಮನೆ. ಅದು ನನಗೆ ಸ್ಪಷ್ಟ ಕಾಣುತ್ತಿತ್ತು.

ನನ್ನ ಗಂಡನಿಗೆ ಭೀಮರಾಯನಗುಡಿಯ ನಾಲಾ ಆಫೀಸಿನಲ್ಲಿ ಕೆಲಸ. ಯಾವ ಹೊಲಕ್ಕೆ ಯಾವ ದಿನ ನೀರು ಅಂತ ಪಾಳಿ ಹಾಕಿ ಹಾಕಿ ಅವರಿಗೆ ಲೋಕದ ಜಗಳಕ್ಕೆಲ್ಲ ಒಂದೇ ಮದ್ದು. "ಇದಕ್ಕ್ಯಾಕ ಇಷ್ಟು ತಲಿ ಕೆಡಿಸ್ಕೋತೀರಿ? ಪಾಳಿ ಹಾಕ್ರಿ. ಒಂದು ವಾರ ಹಳಿ ಹಾಡು, ಒಂದು ವಾರ ಹೊಸ ಹಾಡು" ಅಂದರು.

ಅತ್ತೆ ಮಗನನ್ನು ಮೇಲಿಂದ ಕೆಳಗೆ ನೋಡಿದರು. "ನೀ ಹಾಕಿದ ಪಾಳಿಗಿ ಕೊನಿ ಹೊಲಕ್ಕ ಎಂದಾದ್ರೂ ನೀರು ಮುಟ್ಟೇದೇನು?"

ಅವರು ಪೇಪರು ತೆಗೆದು ಮುಖಕ್ಕೆ ಅಡ್ಡ ಹಿಡಿದರು. ನಾನು ನೋಡಿದೆ, ಪೇಪರು ತಲೆಕೆಳಗಾಗಿತ್ತು.

ಸುರಪುರದ ಬ್ಯಾಂಡು

ಈ ನಡುವೆ ಸುರಪುರದಲ್ಲಿ ನನ್ನ ನಾದಿನಿಯ ಮಗನ ಮದುವೆ. ಬ್ಯಾಂಡಿನ ಉಸ್ತಾದರು ಮುಸಲ್ಮಾನರು, ಕ್ಲಾರಿನೆಟ್ ಹಿಡಿದರೆ ಬಜಾರು ನಿಂತು ಕೇಳಬೇಕು. ನಾದಿನಿ ಅವರಿಗೆ ಹೇಳಿದ್ದಳು: "ಸಿನಿಮಾದ್ದು ಬ್ಯಾಡ್ರಿ. ನಮ್ಮ ಚರ್ಚಿನ ಹಾಡು ಒಂದು ನುಡಸ್ರಿ."

"ಬರ್ತದ ಬಾಯಿಸಾಬ್, ಬೇಫಿಕರ್ ಇರ್ರಿ. ನಿಮ್ಮ ಮಂದಿ ನಮ್ಮ ದುಕಾನದ ಮುಂದ ಹಾಡ್ಕೋತ ಹೋಗ್ತಾರಲ್ರಿ, ಅದು ನನಗ ಪೂರಾ ಬಾಯಿಪಾಠ."

ನಾವು ಹಾಡಿಕೊಳ್ಳುತ್ತ ಅವರ ಅಂಗಡಿಯ ಮುಂದೆ ಹೋಗುವುದು ಯಾವಾಗ ಅಂತ ನಾದಿನಿಗೆ ಆಗ ಹೊಳೆಯಲಿಲ್ಲ. ಹೆಣ ಹೊತ್ತು ಸಮಾಧಿಗೆ ಹೋಗುವ ದಾರಿ ಅದು.

ಮದುಮಗ ಜೀಪಿನಲ್ಲಿ ಕೂತ. ಉಸ್ತಾದರು ಕಣ್ಣು ಮುಚ್ಚಿ ಶುರು ಮಾಡಿದರು. ಎಂಥ ಚಂದ ನುಡಿಸಿದರೆಂದರೆ, ನಮ್ಮ ಮಂದಿಗೆ ಮದುವೆ ಮರೆತುಹೋಯಿತು. ಗಂಡಸರು ತಲೆಯ ಟೋಪಿ ರುಮಾಲು ತೆಗೆದರು. ಹೆಂಗಸರು ಸೆರಗು ಹೊದ್ದರು. ಇಬ್ಬಿಬ್ಬರಾಗಿ ಸಾಲು ಹಚ್ಚಿ, ತಲೆ ತಗ್ಗಿಸಿ, ಸದ್ದಿಲ್ಲದೆ ಜೀಪಿನ ಹಿಂದೆ ನಡೆದರು. ಮದುಮಗ ಸ್ವಲ್ಪ ದೂರ ಹೋದ ಮೇಲೆ ಹೊರಳಿ ನೋಡಿದ. ತನ್ನ ಸ್ವಂತ ಸೋದರಮಾವ ಕಣ್ಣು ಒರೆಸಿಕೊಳ್ಳುತ್ತಿರುವುದನ್ನು ಕಂಡು ಜೀಪಿನಿಂದ ಜಿಗಿದ.

ಸೋದರಮಾವ ಅಂದರೆ ನನ್ನ ಗಂಡ. ಈಗಲೂ ಕೇಳಿದರೆ ಧೂಳು ಬಿದ್ದಿತ್ತು ಅನ್ನುತ್ತಾರೆ.

ಊಟವಾದ ಮೇಲೆ ಅತ್ತೆ ಉಸ್ತಾದರನ್ನು ಕರೆಸಿದರು. ಬೈಯುತ್ತಾರೆ ಅಂದುಕೊಂಡೆ. "ಶ್ರುತಿ ಭಾಳ ಚಂದ ಅದ. ಖರೇ ಮದುವಿ ಹಾಡು ಹೇಳಿಕೊಡ್ತೀನಿ, ಕೂಡ್ರಿ" ಅಂದರು. ಚಪ್ಪರದ ಕೆಳಗೇ ಶುರುವಾಯಿತು. ಅತ್ತೆ ಒಂದು ಸಾಲು ಹಾಡಿ ಉಸಿರಿಗೆ ನಿಂತರು, ಸೆರಗಿಗೆ ಕೈ ಹೋಯಿತು. ಉಸ್ತಾದರು ಡೋಲಿನವನಿಗೆ ಕಣ್ಣು ಮಾಡಿದರು. ಅವನು ಮೆತ್ತಗೆ ಬೆರಳಾಡಿಸುತ್ತ ಆ ಖಾಲಿ ಜಾಗ ತುಂಬಿದ, ಅತ್ತೆ ಬಾಯಿ ತೆರೆಯುವುದಕ್ಕೂ ಅವನು ಬಿಡುವುದಕ್ಕೂ ಸರಿಹೋಯಿತು.

"ಅಮ್ಮಾಜಿ, ನೀವು ಆರಾಮ ದಮ್ ತಗೋರಿ. ಅಲ್ಲೀತನಾ ನಾವು ಸಂಭಾಳಿಸ್ತೀವಿ" ಅಂದರು ಉಸ್ತಾದರು.

ಅತ್ತೆಯ ಮುಖ ಅರಳಿದ್ದನ್ನು ನಾನು ನೋಡಿದೆ. ಕಂಬಕ್ಕೊರಗಿ ನಿಂತಿದ್ದ ಮಗಳೂ ನೋಡಿದಳು. ವಾಪಸು ಬರುವ ಬಸ್ಸಿನಲ್ಲಿ ನಾನು ನಡುವೆ ಕೂತಿದ್ದೆ. ಮಗಳು ನನ್ನ ಮೇಲಿಂದ ಬಗ್ಗಿ ಅಜ್ಜಿಯನ್ನು ಕೇಳಿದಳು: "ಆಯೀ, ತಾಳದ ಗುಂಡಿ ಒತ್ತಂಗಿಲ್ಲ. ಕೈಲೇ ನುಡಿಸ್ತೀನಿ. ನೀ ದಮ್ ತಗೊಂಡಾಗ ನಾನೂ ಹಂಗ ಕಾಯ್ಲೇನು?"

ಅತ್ತೆ ಕಿಟಕಿಯ ಹೊರಗೆ ನೋಡುತ್ತ "ನಿಮ್ಮವ್ವಗ ಈ ಕಡಿ ಸರಿ ಅನ್ನು, ನಿನ್ನ ಮಾತು ಕೇಳಸವಲ್ದು" ಅಂದರು. ನನ್ನನ್ನು ಎಬ್ಬಿಸಿ ಇಬ್ಬರೂ ಹತ್ತಿರ ಕೂತರು. ಶಹಾಪುರದ ತನಕ ನಾನು ನಿಂತುಕೊಂಡೇ ಬಂದೆ. ಅಷ್ಟು ಸಂತೋಷದಿಂದ ನಾನು ಯಾವ ಬಸ್ಸಿನಲ್ಲೂ ನಿಂತಿಲ್ಲ.

ಪುಸ್ತಕದಲ್ಲಿಲ್ಲದ ಚರಣ

ಅಜ್ಜಿ ಮೊಮ್ಮಗಳು ಒಂದಾದರೂ ಹುಡುಗರ ಅರ್ಜಿ ಹಾಗೇ ಇತ್ತಲ್ಲ. ಹಿರಿಯರು ಬರುವ ದಿನ ಟೆಂಪೋ ಮಾಡಿಕೊಂಡು ಭೀಮಾ ಸೇತುವೆ ದಾಟಿ ಯಾದಗಿರಿಗೆ ಹೋದೆವು. ಗುರುಮಠಕಲ್, ಹತ್ತಿಕುಣಿ, ಕೊಂಕಲ್, ಎಲ್ಲ ಕಡೆಯ ಮಂದಿ ಬಂದಿದ್ದರು. ಎತ್ತಿಕೊಟ್ಟದ್ದನ್ನು ತಿರುಗಿ ಹಾಡುವುದರಲ್ಲಿ ಎಲ್ಲರೂ ಪಳಗಿದವರೇ. ಹಿರಿಯರು ಮಾತ್ರ ಮೈಸೂರು ಕಡೆಯವರು, ಬಹಳ ಮೃದು ಮಾತು.

ಹಾಡು ಶುರುವಾಯಿತು. ಅತ್ತೆ ಎತ್ತಿಕೊಟ್ಟರು, ಮಗಳು ಮೆಲ್ಲಗೆ ಸ್ವರ ಹಿಡಿದಳು, ಉಸಿರಿನ ಜಾಗದಲ್ಲಿ ಕ್ಯಾಂಪಿನ ಹುಡುಗ ಢೋಲಕ್ಕಿನ ಮೇಲೆ ಬೆರಳಾಡಿಸಿದ. ಹಳೆಯ ಹಾಡು ಹಳೆಯದಾಗಿಯೇ ಇತ್ತು, ಆದರೆ ಹುಡುಗರ ಕಾಲುಗಳು ತಾಳ ಹಾಕುತ್ತಿದ್ದವು. ಗೆದ್ದೆವು ಅಂದುಕೊಂಡೆ.

ಹಾಗೆ ಅಂದುಕೊಳ್ಳಬಾರದಿತ್ತು. ಹಿರಿಯರು ಕಣ್ಣು ಮುಚ್ಚಿ ತಲೆದೂಗುವುದನ್ನು ನೋಡಿ ಢೋಲಕ್ಕಿನವನಿಗೆ ಹುರುಪು ಬಂತು. ಓಡಿಸತೊಡಗಿದ. ಅತ್ತೆ ಕಣ್ಣು ಬಿಟ್ಟರು, ಅವನು ನೋಡಲಿಲ್ಲ. ಕೈ ಮಾಡಿದರು, ನೋಡಲಿಲ್ಲ. ಹಾಡು ನಿಲ್ಲಿಸುವಂತಿಲ್ಲ. ಅತ್ತೆ ಅದೇ ರಾಗದಲ್ಲಿ, ಸಾಲು ಬರುವ ಜಾಗಕ್ಕೆ ಸರಿಯಾಗಿ ಹಾಡಿದರು:

"ಮೆತ್ತಗ ಬಾರ್ಸೋ ಮೂಳಾ, ನಿಮ್ಮಪ್ಪಗ ಹೇಳತೀನೋ..."

ಇಡೀ ಚರ್ಚು, ಚಾವಣಿ ಹಾರುವಂತೆ: "ಮೆತ್ತಗ ಬಾರ್ಸೋ ಮೂಳಾ, ನಿಮ್ಮಪ್ಪಗ ಹೇಳತೀನೋ!"

ಢೋಲಕ್ಕಿನವನೂ ಭಕ್ತಿಯಿಂದ ಹಾಡಿದ.

ಅತ್ತೆ ಗಾಬರಿಯಾದರು. ಆದರೂ ರಾಗ ಬಿಡಲಿಲ್ಲ. "ಇದು ಹಾಡಲ್ಲ, ಬಿಡ್ರೆಪ್ಪೋ..."

"ಇದು ಹಾಡಲ್ಲ, ಬಿಡ್ರೆಪ್ಪೋ!"

"ಸಾಕ ಮಾಡ್ರೋ ಎಲ್ಲಾರೂ..."

"ಸಾಕ ಮಾಡ್ರೋ ಎಲ್ಲಾರೂ!"

ನಾನು ಹಾರ್ಮೋನಿಯಂ ಮೇಲೆ ತಲೆ ಇಟ್ಟುಬಿಟ್ಟೆ. ಮುಗಿಯಿತು, ಚರ್ಚೂ ಹೋಯಿತು, ಮನೆಯೂ ಹೋಯಿತು. ಆಗ ಕೇಳಿಸಿತು, ಮಗಳು ಆ ಸಾಲುಗಳಿಗೂ ಸ್ವರ ಕೂಡಿಸುತ್ತಿದ್ದಳು. ನಗು ತಡೆದು ಅವಳ ಭುಜ ಕುಣಿಯುತ್ತಿತ್ತು, ಬೆರಳು ಮಾತ್ರ ತಪ್ಪಲಿಲ್ಲ. "ಸಾಕ ಮಾಡ್ರೋ" ಅನ್ನುವುದನ್ನು ಎಷ್ಟು ಸುಂದರವಾಗಿ ಮುಗಿಸಿದಳೆಂದರೆ, ಜನ ತಾವೇ "ಆಮೆನ್" ಅಂದು ಕೂತರು.

ಹಿರಿಯರು ಎದ್ದು ನಿಂತರು. ಕಣ್ಣು ಒದ್ದೆಯಾಗಿತ್ತು. "ಅಜ್ಜಿ ಮೊಮ್ಮಗಳು ಒಂದೇ ಹಾಡಿನಲ್ಲಿ ಇರುವಾಗ ಎರಡು ಆರಾಧನೆ ಯಾಕೆ ಬೇಕು? ಹೀಗೇ ಒಂದಾಗಿ ಹಾಡಿಕೊಂಡಿರಿ" ಅಂದರು. ಕ್ಯಾಂಪಿನ ಹುಡುಗರೇ ಮೊದಲು ಚಪ್ಪಾಳೆ ತಟ್ಟಿದರು. ಇಷ್ಟು ದಿನ ಎದೆಯ ಮೇಲೆ ಕೂತಿದ್ದದ್ದು ಎದ್ದುಹೋಯಿತು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ತಿಳಿಯಲಿಲ್ಲ.

ಊಟದ ಹೊತ್ತಿಗೆ ಹಿರಿಯರು ಅತ್ತೆಯ ಹತ್ತಿರ ಬಂದು ಕೈ ಮುಗಿದರು. "ಅಮ್ಮಾ, ನಿಮ್ಮ ಭಾಷೆ ನನಗೆ ಪೂರ್ತಿ ಹಿಡಿಯಲಿಲ್ಲ. ಆದರೆ ಆ ಕೊನೆಯ ಚರಣ ಮನಸ್ಸು ಕಲಕಿಬಿಟ್ಟಿತು. ಬಹಳ ಪುರಾತನ ಇರಬೇಕು, ನಮ್ಮ ಪುಸ್ತಕದಲ್ಲಿಲ್ಲ. ನಮ್ಮ ಕಡೆ ಹಾಡಿಸುತ್ತೇನೆ, ಬರೆದುಕೊಡುತ್ತೀರಾ?"

ಅಯ್ಯನವರ ಕೈಯಲ್ಲಿದ್ದ ರೊಟ್ಟಿ ಕೆಳಗೆ ಬಿತ್ತು. ಅತ್ತೆ ಮಾತ್ರ ಸೆರಗು ಸರಿಮಾಡಿಕೊಂಡರು, ಒಂದು ಉಸಿರು ತೆಗೆದುಕೊಂಡರು.

"ಅದು ಬರಕೊಡಾಕ ಬರಂಗಿಲ್ರಿ. ಬಾಜೂಕ ಪೆಟ್ಟಿಗಿ ಹಿಡಕೊಂಡು ಮೊಮ್ಮಗಳೊಬ್ಬಾಕಿ ಕುಂತಿರ್ಬೇಕು. ಎದುರಿಗಿ ತಾಳ ತಪ್ಪೋ ಮೂಳ ಒಬ್ಬಾಂವ ಇರ್ಬೇಕು. ಆಮ್ಯಾಲ ಆ ಚರಣ ತಾನ ಬಾಯಿಗಿ ಬರ್ತದ."