ಪ್ರಾಯೋಗಿಕ ನೀರು

ಟಿ.ಬಿ. ಡ್ಯಾಮಿನ ನೀರು ಸರದಿ ಉಪವಿಭಾಗ ಕಛೇರಿಯು, ಕಿಷ್ಕಿಂಧಾ ಲಿನಕ್ಸಿನ ಒಂಬತ್ತನೇ ಆವೃತ್ತಿ ಬರುವವರೆಗೆ ಎಂಟನೇ ಆವೃತ್ತಿಯಲ್ಲಿ ಯಾವುದೇ ಹೊಸ ಕೆಲಸ ಕೈಗೊಳ್ಳತಕ್ಕದ್ದಲ್ಲವೆಂದು ಜೂನ್ ತಿಂಗಳ ಹನ್ನೆರಡನೇ ತಾರೀಖು ಸರ್ವಾನುಮತದಿಂದ ತೀರ್ಮಾನಿಸಿತು. ಹಳೇ ಕೆಲಸವೂ ಅಷ್ಟಕ್ಕಷ್ಟೇ ನಡೆಯುತ್ತಿದ್ದುದರಿಂದ ಯಾರೂ ವಿರೋಧಿಸಲಿಲ್ಲ.

ಕಿಷ್ಕಿಂಧಾ ಲಿನಕ್ಸ್ ಅಂದರೆ ಕಂಪ್ಯೂಟರನ್ನು ಎಬ್ಬಿಸಿ, ಕೂರಿಸಿ, ಕೆಲಸಕ್ಕೆ ಹಚ್ಚುವ ತಂತ್ರಾಂಶ. ಪುಕ್ಕಟೆ ಸಿಗುತ್ತದೆ. ಊರೂರುಗಳಲ್ಲಿರುವ ಯಾರೋ ಪುಣ್ಯಾತ್ಮರು ಸಂಬಳವಿಲ್ಲದೆ, ರಜಾ ದಿನಗಳಲ್ಲಿ ಕೂತು ಅದನ್ನು ತಯಾರಿಸುತ್ತಾರೆ. ಸಂಬಳವಿಲ್ಲದೆ, ಅದೂ ರಜಾ ದಿನ, ಕೆಲಸ ಮಾಡುವವರಿದ್ದಾರೆ ಎಂಬ ಮಾತನ್ನು ಕಛೇರಿ ಮೊದಲಿಗೆ ನಂಬಲಿಲ್ಲ. ನಂಬಿಸಿದವನು ಪ್ರಥಮ ದರ್ಜೆ ಸಹಾಯಕ ಶ್ರೀಪತಿ.

ಪಾಪ, ಶ್ರೀಪತಿಗೆ ಅದರ ಹುಚ್ಚು. ಹೊಸಪೇಟೆಯ ಮನೆಯಲ್ಲಿ ಹೆಂಡತಿ ಅಪೇಕ್ಷಾ ಚಹಾ ಕೈಗಿಟ್ಟರೂ ಅವನ ಕಣ್ಣು ಮೊಬೈಲಿನಲ್ಲಿ: ಒಂಬತ್ತನೇದು ಎಲ್ಲಿಯವರೆಗೆ ಬಂತು? ಅದರಲ್ಲಿ ಪ್ರಿಂಟರ್ ಒಂದೇ ಸಲಕ್ಕೆ ಓಗೊಡುತ್ತದಂತೆ! ಆ ಸಂಭ್ರಮದಲ್ಲಿ ಕಡತದ ಮೇಲೊಂದು ಟಿಪ್ಪಣಿ ಬರೆದ: 'ಹೊಸ ಆವೃತ್ತಿ ಬಂದ ನಂತರ ಹಳೆಯದರಲ್ಲಿ ಮಾಡಿದ ಕೆಲಸವನ್ನು ಇನ್ನೊಮ್ಮೆ ಪರಿಶೀಲಿಸಬೇಕಾಗಬಹುದು.' ಇನ್ನೊಮ್ಮೆ ಎಂಬ ಪದವನ್ನು ಕಂಡು ಸಾಹೇಬರಾದ ವಿದ್ಯಾಧೀಶರ ಎದೆ ಝಲ್ಲೆಂದಿತು. ಒಂದು ಕೆಲಸವನ್ನು ಎರಡು ಸಲ ಮಾಡುವುದಕ್ಕಿಂತ ಒಮ್ಮೆಯೂ ಮಾಡದಿರುವುದು ಸರ್ಕಾರಕ್ಕೆ ಕ್ಷೇಮವೆಂದು ಅವರು ಕೆಂಪು ಶಾಯಿಯಲ್ಲಿ ಷರಾ ಬರೆದರು. ಹೊಸ ಕೆಲಸಕ್ಕೆ ಬೀಗ ಬಿದ್ದದ್ದು ಹಾಗೆ.

ಜುಲೈಯಲ್ಲಿ ಕಾಲುವೆಗೆ ನೀರು ಬಿಟ್ಟರು. ಈ ಕಛೇರಿ ಮುದ್ರಿಸಿ ಕೊಡುವ ಸರದಿ ಚೀಟಿ ಇಲ್ಲದೆ ಹೊಲಗಳ ಕಡೆಗಿನ ತೂಬು ತೆಗೆಯುವಂತಿಲ್ಲ; ಹೊಸ ಹಂಗಾಮಿನ ಚೀಟಿಯೂ ಹೊಸ ಕೆಲಸವೇ. ಮೂರನೇ ದಿನ ಕಂಪ್ಲಿ ಬಸ್ಸಿನಲ್ಲಿ ಮೆಟ್ರಿಯ ವಿರುಪಮ್ಮ ಬಂದಳು. ಹದಿನಾಲ್ಕನೇ ತೂಬಿನ ಕೆಳಗೆ ಅವಳದು ಮೂರು ಎಕರೆ.

"ಕಾಲುವಿ ತುಂಬಿ ಹೊಂಟೈತ್ರಿ ರಾಯರ, ನಮ್ಮ ತೂಬಿಗೆ ಮಾತ್ರ ಬೀಗ. ಮೂಕಣ್ಣನ್ನ ಕೇಳಿದ್ರ ಚೀಟಿ ತಾ ಅಂತಾನ."

ಮೂಕಣ್ಣ ಅಂದರೆ ತೂಬಿನ ಕೀಲಿ ಇಟ್ಟುಕೊಂಡ ಸೌಡಿ, ನಿಯಮ ಬಿಟ್ಟು ಒಂದು ಹೆಜ್ಜೆ ಇಡದ ಮನುಷ್ಯ.

"ಕುಂದ್ರಮ್ಮ," ಎಂದ ಶ್ರೀಪತಿ. "ಹೊಸ ಆವೃತ್ತಿ ಬರೋದೈತಿ. ಬಂದಕೂಡ್ಲೆ ಮೊದಲು ನಿಮ್ಮದೇ ಚೀಟಿ."

"ಎಂದು ಬರ್ತೈತ್ರಿ?"

"ತಯಾರಾದಾಗ ಬರ್ತೈತಿ ಅಂತ ಬರ್ದಾರ."

"ನಮ್ಮ ಸಸಿ ಹಂಗ ಅನ್ನಂಗಿಲ್ರೀ. ಸಸಿಮಡಿ ಒಣಗಾಕ ಹತ್ತೈತಿ. ಇನ್ನ ಹತ್ತು ದಿನದಾಗ ನೀರು ಬರ್ಲಿಲ್ಲ ಅಂದ್ರ ಈ ವರ್ಷದ್ದು ಮುಗೀತು."

ಶ್ರೀಪತಿಗೆ ತನ್ನ ಟಿಪ್ಪಣಿ ನೆನಪಾಯಿತು. ನೆಟ್ಟಗೆ ಸಾಹೇಬರ ಕೋಣೆಗೆ ಹೋದ. ಸಾಹೇಬರು ಕಲ್ಲು ಹೃದಯದವರಲ್ಲ. ತಕ್ಷಣ ಕಾರ್ಯಪ್ರವೃತ್ತರಾಗಿ, ತಂತ್ರಾಂಶ ತಯಾರಿಸುವ ಪುಣ್ಯಾತ್ಮರಿಗೆ ಕಾರಣ ಕೇಳಿ ನೋಟಿಸ್ ಜಾರಿ ಮಾಡಿದರು. 'ತಾವು ಕರ್ತವ್ಯದಲ್ಲಿ ವಿಳಂಬ ಮಾಡಿರುವುದು ಕಂಡುಬಂದಿದ್ದು, ತಮ್ಮ ಮೇಲೆ ಏಕೆ ಶಿಸ್ತುಕ್ರಮ ಜರುಗಿಸಬಾರದೆಂಬುದಕ್ಕೆ ಏಳು ದಿನದೊಳಗೆ ಸಮಜಾಯಿಷಿ ನೀಡತಕ್ಕದ್ದು.'

ಒಂದೇ ತಾಸಿನಲ್ಲಿ ಉತ್ತರ ಬಂತು. ಇಷ್ಟು ಬೇಗ ಉತ್ತರಿಸುವವರು ಜವಾಬ್ದಾರಿಯುತರಾಗಿರಲಿಕ್ಕಿಲ್ಲ ಎಂದು ಕಛೇರಿ ಅಭಿಪ್ರಾಯಪಟ್ಟಿತು. ಉತ್ತರ ಹೀಗಿತ್ತು: 'ನಮಸ್ಕಾರ. ನಾವೆಲ್ಲ ಸ್ವಯಂಸೇವಕರು. ಸದ್ಯ ಒಂಬತ್ತರ ಪ್ರಾಯೋಗಿಕ ಆವೃತ್ತಿ ಹೊರಬಂದಿದೆ. ಬಳಸಿ ನೋಡಿ, ದೋಷ ಕಂಡರೆ ದಯವಿಟ್ಟು ತಿಳಿಸಿ.'

ದೋಷ ಹುಡುಕಲು ಮೂವರ ಸಮಿತಿ ರಚನೆಯಾಯಿತು. ಏಕಾದಶಿ ದಿನ ಸಾಹೇಬರದು ಉಪವಾಸ, ಹೊಸದೇನೂ ಮುಟ್ಟುವುದಿಲ್ಲ. ದ್ವಾದಶಿ ಪಾರಣೆ ಮುಗಿಸಿ ಬಂದಮೇಲೆ ಒಂದು ಕಂಪ್ಯೂಟರಿಗೆ ಅರಿಶಿನ ಕುಂಕುಮ ಹಚ್ಚಿ ಪ್ರಾಯೋಗಿಕ ಆವೃತ್ತಿಯನ್ನು ಹಾಕಲಾಯಿತು. ಸಮಿತಿಯು ಅದರ ಎದುರು ಎರಡು ದಿನ ಕೂತು ವರದಿ ಕೊಟ್ಟಿತು: 'ಈ ಕಛೇರಿಯಲ್ಲಿ ಯಾವುದೇ ದೋಷ ಇರುವುದಿಲ್ಲ. ಹಿಂದೆಯೂ ಇರಲಿಲ್ಲ.'

"ಹಂಗಾದ್ರ ಇದರಾಗ ಚೀಟಿ ತೆಗೀಬಹುದಲ್ರೀ ಸರ್?" ಎಂದು ಕೇಳಿದಳು ಕಂಪ್ಯೂಟರ್ ಆಪರೇಟರ್ ಭವ್ಯ.

"ಅದು ಪ್ರಾಯೋಗಿಕ ಅದನವ್ವಾ," ಎಂದರು ಸಾಹೇಬರು. "ಪ್ರಾಯೋಗಿಕದಾಗ ಖರೇ ನೀರು ಹೆಂಗ ಬಿಡೋದು?"

ಹತ್ತು ದಿನದಲ್ಲಿ ಆರು ಕಳೆದಿದ್ದವು. ಶ್ರೀಪತಿ ಊಟದ ಡಬ್ಬಿ ತೆರೆಯದೆ ಕೂತ. ಸಾಹೇಬರ ಮಾತನ್ನೇ ತಿರುವಿ ಹಾಕಿದ, ಮಗುಚಿ ಹಾಕಿದ, ಕೊನೆಗೆ ಅದರೊಳಗೇ ದಾರಿ ಕಂಡಿತು. ಸರ್ಕಾರಿ ಕೆಲಸದಲ್ಲಿ ಇಪ್ಪತ್ತೊಂದು ವರ್ಷ ಸುಮ್ಮನೆ ಸವೆಸಿರಲಿಲ್ಲ ಅವನು. ಹೊಸ ಟಿಪ್ಪಣಿ ಹೀಗಿತ್ತು: 'ಪ್ರಾಯೋಗಿಕ ಆವೃತ್ತಿಯಲ್ಲಿ ನೈಜ ನೀರು ಬಿಡಲು ಅವಕಾಶವಿಲ್ಲದ ಕಾರಣ, ಪ್ರಾಯೋಗಿಕ ನೀರು ಬಿಡಬಹುದೇ ಎಂಬ ಬಗ್ಗೆ ಆದೇಶ ಕೋರಿದೆ.'

ಸಾಹೇಬರು ಓದಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದರು.

"ಕಾಲುವಿ ಒಳಗಿನದ ಬಿಡೋದೇನು?"

"ಅದನ್ನ ರೀ. ಹೆಸರು ಮಾತ್ರ ಬ್ಯಾರೆ."

"ಏನರ ಹೆಚ್ಚುಕಮ್ಮಿ ಆದ್ರ?"

"ದೋಷ ವರದಿ ಕಳಸೋಣ್ರಿ. ಅವರು ಅದನ್ನ ಕೇಳ್ಯಾರ."

ಸಾಹೇಬರು ಸಹಿ ಹಾಕಿದರು, ಜೊತೆಗೆ ಷರತ್ತುಗಳನ್ನೂ ಹಾಕಿದರು. ರೈತರು ಸದರಿ ನೀರನ್ನು ನೀರೆಂದು ಪರಿಗಣಿಸತಕ್ಕದ್ದಲ್ಲ. ಸದರಿ ನೀರಿನಿಂದ ಬೆಳೆದ ಬೆಳೆಯನ್ನು ಪ್ರಾಯೋಗಿಕ ಬೆಳೆಯೆಂದು ಭಾವಿಸತಕ್ಕದ್ದು. ಪ್ರತಿಯೊಬ್ಬ ರೈತರೂ ಈ ಬಗ್ಗೆ ಮುಚ್ಚಳಿಕೆ ಬರೆದುಕೊಡತಕ್ಕದ್ದು.

ವಿರುಪಮ್ಮ ಹೆಬ್ಬೆಟ್ಟು ಒತ್ತುವವಳಲ್ಲ, ಸಹಿ ಬಲ್ಲವಳು. ಓದಿಸಿಕೊಂಡು ಕೇಳಿದಳು, "ಇದರಾಗ ಭತ್ತ ಬೆಳೀತೈತಿಲ್ರೀ?"

"ಬೆಳೀತೈತಿ," ಎಂದ ಶ್ರೀಪತಿ.

"ಮತ್ಯಾಕ ಬೇಕು ಉಳಿದಿದ್ದು," ಎಂದು ಸಹಿ ಹಾಕಿ, ಚೀಟಿ ಹಿಡಿದು ನಾಲ್ಕೂವರೆ ಬಸ್ಸಿಗೆ ಹೊರಟಳು. ಮೂಕಣ್ಣ ಚೀಟಿಯ ಮೇಲಿನ 'ಪ್ರಾಯೋಗಿಕ' ಪದವನ್ನು ಎರಡು ಸಲ ಓದಿ, ತೂಬನ್ನೂ ಪ್ರಾಯೋಗಿಕವಾಗಿ ಮುಕ್ಕಾಲು ಪಾಲು ತೆಗೆದ. ಎಂಟನೇ ದಿನ ಸಸಿಮಡಿಗೆ ನೀರು ಮುಟ್ಟಿತು. ಅಂದು ಶ್ರೀಪತಿ ಡಬ್ಬಿ ತೆರೆದು ಅನ್ನ ಸಾರು ಹೊಟ್ಟೆ ತುಂಬ ಉಂಡ.

ಆಮೇಲೆ ನಾಲ್ಕು ತಿಂಗಳು ಎಲ್ಲವೂ ಸುಸೂತ್ರ. ನಾಟಿ ಆಯಿತು, ಕಳೆ ತೆಗೆದರು, ತೆನೆ ಒಡೆಯಿತು. ಕಛೇರಿಯಿಂದ ಮೇಲಿನವರಿಗೆ ತಿಂಗಳ ವರದಿ ತಪ್ಪದೆ ಹೋಗುತ್ತಿತ್ತು: 'ಈ ಹಂಗಾಮಿಗೆ ನೀರು ಬಿಟ್ಟಿರುವುದಿಲ್ಲ. ಬೆಳೆ ಉತ್ತಮವಾಗಿದೆ.' ಮೇಲಿನವರು ಪ್ರಶಂಸಾ ಪತ್ರ ಕಳಿಸಿದರು.

ನವೆಂಬರ್ ಮೂರನೇ ವಾರ ಬಂದೇ ಬಂತು ಒಂಬತ್ತನೇ ಆವೃತ್ತಿ! ಶ್ರೀಪತಿ ಮೊಬೈಲ್ ನೋಡಿ ಕುರ್ಚಿಯಿಂದ ಎದ್ದು ನಿಂತ. ಎಷ್ಟು ತಿಂಗಳ ಕಾಯುವಿಕೆ! ಹಾಕಿದರು, ಪ್ರಿಂಟರ್ ಒಂದೇ ಸಲಕ್ಕೆ ಓಗೊಟ್ಟಿತು. ಸಾಹೇಬರು ಕಣ್ಣರಳಿಸಿ ಆದೇಶಿಸಿದರು: "ಬಾಕಿ ಉಳದಿರೋ ಅಷ್ಟೂ ಸರದಿ ಚೀಟಿ ತಗೀರಿ. ಸೋಮವಾರದಿಂದ ಖರೇ ನೀರು ಬಿಡೋಣ."

ಶ್ರೀಪತಿಯ ಮುಖ ಬಿಳಿಚಿತು. ಮೆಟ್ರಿಯಲ್ಲಿ ಭತ್ತ ಹಣ್ಣಾಗಿ ಕೊಯ್ಲಿಗೆ ನಿಂತಿತ್ತು. ಒಂದು ಹಂಗಾಮಿನ ನೀರನ್ನು ಒಟ್ಟಿಗೆ ಬಿಟ್ಟರೆ ತೆನೆಯೆಲ್ಲ ಕೆಸರಿಗೆ ಮಲಗುತ್ತದೆ. ಸುದ್ದಿ ತಿಳಿದ ವಿರುಪಮ್ಮ ಶನಿವಾರ ಮೊದಲ ಬಸ್ಸಿಗೇ ಬಂದಳು.

"ಬ್ಯಾಡ್ರಿ ರಾಯರ. ಕೈ ಮುಗೀತೀನಿ, ನೀರು ಬ್ಯಾಡ."

"ಸರ್ಕಾರದ ನೀರಮ್ಮ, ಬ್ಯಾಡ ಅನ್ನಾಕ ಬರಂಗಿಲ್ಲ," ಎಂದು ಶ್ರೀಪತಿ ತಲೆ ಹಿಡಿದುಕೊಂಡ. ಹಿಡಿದುಕೊಂಡೇ ಮೊಬೈಲ್ ನೋಡಿದ. ಆ ಪುಣ್ಯಾತ್ಮರು ಸುಮ್ಮನೆ ಕೂರುವವರಲ್ಲ. ಒಂಬತ್ತು ಹೊರಬಂದ ಐದನೇ ದಿನಕ್ಕೇ ಹತ್ತನೇ ಆವೃತ್ತಿಯ ಕೆಲಸ ಶುರುವಾಗಿದೆ ಎಂದು ಪ್ರಕಟಿಸಿದ್ದರು.

ಶ್ರೀಪತಿ ಪ್ರಕಟಣೆಯನ್ನು ಅಲ್ಲೇ ಮುದ್ರಿಸಿ ಸಾಹೇಬರ ಮುಂದಿಟ್ಟ. ಸಾಹೇಬರು ಅದನ್ನು ಓದಿ, ಒಂಬತ್ತು ಇನ್ನು ಹಳೆಯದಾಯಿತೆಂದೂ, ಹಳೆಯದರಲ್ಲಿ ಹೊಸ ಕೆಲಸ ಕೈಗೊಳ್ಳುವುದು ತರವಲ್ಲವೆಂದೂ, ಹತ್ತು ಬರುವವರೆಗೆ ಕಾಯಬೇಕೆಂದೂ ಕೆಂಪು ಶಾಯಿಯಲ್ಲಿ ಬರೆದರು. ಕಛೇರಿ ನಿಟ್ಟುಸಿರು ಬಿಟ್ಟಿತು.

ಭತ್ತ ಕೊಯ್ದು ಮನೆ ಸೇರಿದ ಮೇಲೆ ವಿರುಪಮ್ಮ ಮತ್ತೊಮ್ಮೆ ಬಂದಳು, ಒಂದು ಚೀಲ ಹೊಸ ಅಕ್ಕಿ ಹೊತ್ತು. ಲಂಚವಲ್ಲ, ಪ್ರಾಯೋಗಿಕ ಅಕ್ಕಿ. ಸಾಹೇಬರು ಅದನ್ನು ಅಕ್ಕಿಯೆಂದು ಪರಿಗಣಿಸದೆ ಎಲ್ಲರಿಗೂ ಹಂಚಿದರು.

"ರಾಯರ, ಹತ್ತನೇದು ಜಲ್ದಿ ಬರಂಗಿಲ್ಲಲ್ರೀ?"

"ಇಲ್ಲಮ್ಮ. ಅದರಾಗ ಭಾಳ ದೋಷ ಅದಾವಂತ."

"ಛಲೋ ಆತು ಬಿಡ್ರಿ," ಎಂದಳು ವಿರುಪಮ್ಮ. "ಬ್ಯಾಸಗಿ ಬೆಳಿಗೂ ಅದ ಮುಚ್ಚಳಿಕೆ ತಗೀರಿ, ಸಹಿ ಮಾಡೇ ಹೋಗ್ತೀನಿ."