ಹನ್ನೊಂದನೇ ನಂಬರ್ ನಡೆದು ಮನೆಗೆ ಬಂದ ಬಗ್ಗೆ

ಇಂದ:
ಮರ ಕೊಯ್ಯುವವನು,
ರಸ್ತೆ ಅಗಲೀಕರಣ ವಿಭಾಗ

ಗೆ:
ಎಂಜಿನಿಯರ್ ಸಾಹೇಬರು,
ಸದರಿ ವಿಭಾಗ

ವಿಷಯ: ನಂ. 11 ಅನ್ನು ತೆರವುಗೊಳಿಸಲು ಆಗದಿರುವ ಬಗ್ಗೆ.

ಉಲ್ಲೇಖ: 1) ತಮ್ಮ ಆದೇಶ: "ನಂಬರ್ ಇರುವುದನ್ನು ಮಾತ್ರ, ಆದರೆ ನಂಬರ್ ಇರುವುದನ್ನೆಲ್ಲ, ಮೂರು ದಿನದೊಳಗೆ ತೆರವುಗೊಳಿಸತಕ್ಕದ್ದು."
2) ಸೋಮವಾರ ಕೈಸೇರಿದ ಕಾರಣ ಕೇಳುವ ನೋಟಿಸು.

ಮಾನ್ಯರೇ,

1. ಪಟ್ಟಿಯ ಹನ್ನೊಂದು ಮರಗಳಲ್ಲಿ ಹತ್ತನ್ನು ಅರ್ಜಿದಾರನು ವೇಳೆಗೆ ಸರಿಯಾಗಿ ಕೊಯ್ದು ಉರುಳಿಸಿರುತ್ತಾನೆ. ಆಗ ತನಗೆ ಏನೂ ಅನ್ನಿಸಲಿಲ್ಲವೆಂದು ಬರೆಯಲು ಈಗ ನಾಚಿಕೆಯಾಗುತ್ತದೆ.

2. ಬಸ್ ನಿಲ್ದಾಣದ ಬಳಿಯ ಹನ್ನೊಂದನೆಯದಕ್ಕೆ ಕೆಂಪು ಬಣ್ಣದಲ್ಲಿ ನಂಬರ್ ಬರೆದು, ಒಣಗಲೆಂದು ಟೀ ಕುಡಿಯಲು ಹೋದದ್ದೇ ತಪ್ಪಾಯಿತು. ಬರುವಷ್ಟರಲ್ಲಿ ಮರಕ್ಕೆ ಬೆನ್ನು ಕೊಟ್ಟು ಒಬ್ಬ ಹೆಂಗಸು ನಿಂತಿದ್ದಳು. ಮರ ಉಳಿಸುವ ಸಂಘದವರು ಯಾರೋ ಇರಬೇಕೆಂದು ಗದರಿಸಲು ಹೋದರೆ, ಸಂಘದವಳೇ ಹೌದು, ಆದರೆ ಅರ್ಜಿದಾರನ ಹೆಂಡತಿ.

"ಪಕ್ಕಕ್ಕೆ ಸರಿಯೇ ಮಾರಾಯ್ತಿ, ಕೆಲ್ಸ ಹೋಗತ್ತೆ," ಎಂದು ಅರ್ಜಿದಾರನು ಅಂಗಲಾಚಿದನು.

"ಹತ್ತು ಕಡ್ದಿದ್ದೀರಲ್ಲ, ಸಾಲ್ದಾ? ಬಸ್ಸಿಗೆ ಕಾಯೋರು ಇನ್ನು ನಿಮ್ಮ ಎಂಜಿನಿಯರ್ ನೆರಳಲ್ಲಿ ನಿಲ್ಬೇಕಾ?" ಎಂದಳು. (ಕ್ಷಮಿಸಬೇಕು, ಹೇಳಿಕೆಯನ್ನು ಇದ್ದದ್ದು ಇದ್ದ ಹಾಗೆ ದಾಖಲಿಸಿದೆ.)

3. ಸಂಜೆ ಅವಳು ಸರಿದಾಗ ಮರದ ಮೇಲೆ ಉಳಿದದ್ದು ಬರೀ ಕಲೆ. ನಂಬರ್ ಪೂರಾ ಅವಳ ಅಂಗಿಯ ಬೆನ್ನಿಗೆ ಇಳಿದಿತ್ತು. ಉಲ್ಟಾ ಬಂದದ್ದು ಲೆಕ್ಕಕ್ಕಿಲ್ಲ ಎನ್ನೋಣವೆಂದರೆ, 11 ಹೇಗೆ ತಿರುಗಿಸಿದರೂ 11. ಮರದ ಮೇಲೆ ಮತ್ತೆ ಬರೆಯಲು ಹೋದಾಗ ಮೇಸ್ತ್ರಿ ಕೈ ಹಿಡಿದರು: "ಒಂದೇ ನಂಬರ್ ಎರಡು ಕಡೆ ಇರಬಾರ್ದು ಕಣಯ್ಯಾ. ಮೊದ್ಲು ಆ ಅಂಗಿ ತೊಳಿಸು." ಅವಳು ತೊಳೆಯುವುದಿಲ್ಲ ಎಂದಿರುತ್ತಾಳೆ. ದಿನಾ ಅದನ್ನೇ ತೊಟ್ಟು ಮರದ ಬಳಿ ಹೋಗುತ್ತಾಳೆ.

4. ಆದ್ದರಿಂದ ಆದೇಶದ ಪ್ರಕಾರ ಈಗ ತೆರವಾಗಬೇಕಾದದ್ದು ಅರ್ಜಿದಾರನ ಹೆಂಡತಿ. ಇಪ್ಪತ್ತೆರಡು ವರ್ಷದಲ್ಲಿ ಅವಳನ್ನು ಒಂದೇ ಒಂದು ಮಾತಿನಿಂದಲೂ ಕದಲಿಸಲು ಆಗದ ಕಾರಣ, ಅದು ಅವನ ಕೈಲಾಗುವ ಕೆಲಸವಲ್ಲ. ಕೈಲಾದರೂ ಮಾಡುವುದಿಲ್ಲ. ನಿನ್ನೆ ಮಧ್ಯಾಹ್ನ ಅವಳಿಗೆ ಊಟ ಕೊಡಲು ಹೋಗಿ ಆ ಮರದ ಕೆಳಗೆ ಅರ್ಧ ಗಂಟೆ ಕುಳಿತನು. ಇಡೀ ಬೀದಿಯಲ್ಲಿ ಕೂರಲು ಬೇರೆ ನೆರಳಿರಲಿಲ್ಲ. ಇಲ್ಲದಂತೆ ಮಾಡಿದವನು ತಾನೇ ಎಂದು ಆಗ ನೆನಪಾಯಿತು.

ಕಾರಣ, ನಂ. 11 ಅನ್ನು ಪಟ್ಟಿಯಿಂದ ಕೈಬಿಡಬೇಕಾಗಿ ಕೋರಿದೆ. ನಿಯಮದಲ್ಲಿ ಅದಕ್ಕೆ ಅವಕಾಶವಿಲ್ಲದಿದ್ದರೆ, ನಂ. 12 ಎಂದು ಹೊಸದಾಗಿ ಸೇರಿಸಿ ಅರ್ಜಿದಾರನಿಗೆ ಮಂಜೂರು ಮಾಡಬೇಕು. ಮರದ ಇನ್ನೊಂದು ಮಗ್ಗುಲು ಖಾಲಿ ಇದೆ.

ಈವರೆಗೆ ತಮ್ಮ ವಿಶ್ವಾಸಿ,
ಮರ ಕೊಯ್ಯುವವನು

ಲಗತ್ತುಗಳು:
1) ಗರಗಸ, ಒಂದು.
2) ಕೆಂಪು ಬಣ್ಣ, ಅರ್ಧ ಡಬ್ಬಿ.
3) ಅಂಗಿ ಲಗತ್ತಿಸಿಲ್ಲ, ಬಳಕೆಯಲ್ಲಿದೆ.

ವಿ.ಸೂ.: ನಂ. 12 ಬರೆಯಲು ಬರುವವರು ಮರಕ್ಕೆ ಹಚ್ಚಿ ಬಣ್ಣ ದಂಡ ಮಾಡದೆ, ನೇರವಾಗಿ ಅರ್ಜಿದಾರನ ಬೆನ್ನಿಗೇ ಬರೆಯತಕ್ಕದ್ದು.